ಗುಂಡುಕಲ್ಲು ಮುಂದಿನ ಲಿಫ್ಟು ಹತ್ತಿದ್ದು

ಮೊಮ್ಮಗಳು ಹುಟ್ಟಿದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಉಕ್ಕುವ ಸಂತೋಷವನ್ನು ಎಲ್ಲಿಡಬೇಕೆಂದು ಮುಂದಿನ ಇಯತ್ತೆಗಳಲ್ಲಿ ಕಲಿಸುತ್ತಿದ್ದರೋ ಏನೋ. ಡೊಂಬಿವಲಿಯ ನಮ್ಮ ಹಳೇ ಬಿಲ್ಡಿಂಗಿಗೆ ಇರುವುದು ಒಂದೇ ಮೆಟ್ಟಿಲು. ಡಾಕ್ಟರೂ ಹಾಲಿನವನೂ ಅದರಲ್ಲೇ ಏದುಸಿರು ಬಿಡುತ್ತಾರೆ. ಮಾಜಿವಾಡಾದಲ್ಲಿ ಮಗ ಮನೆ ಮಾಡಿದ ಟವರಿಗೆ ಎರಡು ಲಿಫ್ಟು. ಕನ್ನಡಿ, ಫ್ಯಾನು ಇರುವ ಮುಂದಿನದು ದೊಡ್ಡ ಬಾಗಿಲಿಗೆ ಮುಟ್ಟಿಸುತ್ತದೆ. ಗೀಚು ಬಿದ್ದ ತಗಡಿನ ಹಿಂದಿನದು ಕೆಲಸದ ಬಾಯಿಯರನ್ನೂ ಕಸದ ಡಬ್ಬಿಯನ್ನೂ ಅಡುಗೆಮನೆಯ ಸಣ್ಣ ಬಾಗಿಲಿಗೆ ಇಳಿಸುತ್ತದೆ. ಯಾರು ದೊಡ್ಡವರು, ಯಾರು ಸಣ್ಣವರು ಎಂಬುದನ್ನು ಸಿಮೆಂಟಿನ ಜೊತೆಗೇ ಕಲಸಿಟ್ಟಿದ್ದಾರೆ. ನನ್ನ ನೂಲಿನ ಸೀರೆ, ಕೈಚೀಲ ನೋಡಿ ವಾಚ್‌ಮನ್ ಮೊದಲ ದಿನವೇ ಹಿಂದಿನ ಲಿಫ್ಟಿಗೆ ಕಳಿಸಿದ. ಮಗನಿಗೆ ಹೇಳಲಿಲ್ಲ. ಅಲ್ಲಿ ಮಂಗಲಾ ಎಂಬ ಕೆಲಸದ ಬಾಯಿ ಸಿಗುತ್ತಿದ್ದಳು. ಹನ್ನೆರಡು ಮಹಡಿ ಏರುವಷ್ಟರಲ್ಲಿ ಮೊಮ್ಮಗಳ ಮೂಗಿನ ವರ್ಣನೆಯನ್ನು ಪೂರ್ತಿ ಕೇಳುತ್ತಿದ್ದಳು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ನೆನಪಾಯಿತು: ಗುಂಡುಕಲ್ಲು! ನಮ್ಮಲ್ಲಿ ಕೂಸಿಗಿಂತ ಮೊದಲು ರುಬ್ಬುವ ಗುಂಡನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಬೇಕು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಅಂತ. ಮಗನ ಮನೆಯಲ್ಲಿರುವುದು ಮಿಕ್ಸರು. ಅದರ ಜಾರನ್ನು ಮಲಗಿಸಿ ಜೋಗುಳ ಹಾಡಲು ಬರುತ್ತದೆಯೇ? ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಓಡಿ, ಮಗನ ತೊಟ್ಟಿಲಲ್ಲಿ ಮಲಗಿದ್ದ ಅದೇ ಕಲ್ಲನ್ನು ಹೊತ್ತು ತಂದೆ. ಮುಹೂರ್ತಕ್ಕೆ ಹತ್ತೇ ನಿಮಿಷ. ಹಿಂದಿನ ಲಿಫ್ಟಿನಲ್ಲಿ ಯಾರದೋ ಸೋಫಾ ಸಿಕ್ಕಿಕೊಂಡಿತ್ತು. ಮುಂದಿನದಕ್ಕೆ ಹೋದರೆ ವಾಚ್‌ಮನ್ ಚೀಲ ಬಿಚ್ಚಿಸಿ, "ಪತ್ಥರ್? ಆಜ್ ತೋಡ್‌ಫೋಡ್ ಬಂದ್ ಹೈ, ಮೌಸೀ," ಎಂದ. ರವಿವಾರ ಒಡೆಯುವ, ಕಟ್ಟುವ ಸಾಮಾನು ಮೇಲೆ ಹೋಗುವಂತಿಲ್ಲವಂತೆ.

ಸೋಫಾ ಬಿಡಿಸುವುದನ್ನು ಕಾಯುತ್ತಿದ್ದ ಮಂಗಲಾ ನನ್ನನ್ನು ಕಂಬದ ಹಿಂದೆ ಎಳೆದಳು. ಚೀಲದಲ್ಲಿ ನಾನು ಮೊಮ್ಮಗಳಿಗೆ ಹೊಲಿದ, ತಲೆಯಿಂದ ಬೆನ್ನಿಗಿಳಿಯುವ ಕುಂಚಿಗೆ ಇತ್ತು. ಅದನ್ನು ಕಲ್ಲಿಗೆ ತೊಡಿಸಿ, ನನ್ನ ಹೆಗಲಿಗೆ ಹಾಕಿ, ಕಾರು ನಿಲ್ಲಿಸುವ ಕೆಳಮಹಡಿಗೆ ಕರೆದೊಯ್ದಳು. ಅಲ್ಲಿನ ವಾಚ್‌ಮನ್ ಬೇರೆ. ಅವನು ಎದ್ದು ನಿಂತು ಸಲಾಮು ಹೊಡೆದು ಮುಂದಿನ ಲಿಫ್ಟಿನ ಗುಂಡಿ ತಾನೇ ಒತ್ತಿದ. ಒಳಗೆ ಸೊಸೈಟಿ ಸೆಕ್ರೆಟರಿಯ ಹೆಂಡತಿ, ಕೂಸಿಗೆ ನಿದ್ದೆ ಹತ್ತಿತೇ ಎಂದು ದನಿ ತಗ್ಗಿಸಿ ಕೇಳಿದರು: "ಸೋ ಗಯೀ?"

"ಹಾಂ. ಯೇ ರೋತೀಚ್ ನಹೀ," ಎಂದೆ. ಕಲ್ಲು ಎಲ್ಲಾದರೂ ಅಳುತ್ತದೆಯೇ? ಕೈ ಸೋತು ಹೋಗಿತ್ತು.

ಮಂಗಲಾ ಕೆಳಗೇ ಉಳಿದಳು, ಕಲ್ಲು ಮೇಲೇರಿತು. ಮುಹೂರ್ತ ತಪ್ಪಲಿಲ್ಲ. ಸಂಜೆ ಮಗನಿಗೆ ಎಲ್ಲ ಹೇಳಿದೆ. ಅವನು ನಕ್ಕು, ಮರುದಿನವೇ ನನ್ನನ್ನು ಇಬ್ಬರು ವಾಚ್‌ಮನ್‌ಗಳಿಗೂ ತೋರಿಸಿ ಬಂದ. ಈಗ ನನಗೂ ಸಲಾಮು, ಕನ್ನಡಿ, ಫ್ಯಾನು.

ಎಂಟು ದಿನ ಆಗಿರಬೇಕು. ದೊಡ್ಡ ಬಾಗಿಲಿನ ಗಂಟೆ ಕೇಳಿಸಿತು. ತೆರೆದರೆ ಮಂಗಲಾ, ತಲೆಗೆ ಹೂ ಮುಡಿದು, ಕೈಯಲ್ಲಿ ಕೂಸಿಗೊಂದು ಜಬಲಾ ಅಂಗಿ ಹಿಡಿದು ನಿಂತಿದ್ದಾಳೆ. ನಾನು ಯೋಚಿಸುವ ಮೊದಲೇ ನನ್ನ ಬಾಯಿ ಹಿಂದಿನ ಬಾಗಿಲಿಂದ ಬಾ ಎಂದುಬಿಟ್ಟಿತು. ಅವಳು ಹಿಂದಿನ ಬಾಗಿಲ ಕಡೆ ತಿರುಗಿದಳು.

"ಯಾರು ಬಂದಾರವ್ವಾ?" ಒಳಗಿಂದ ಮಗ ಕೇಳಿದ.

"ಯಾರೂ ಇಲ್ಲಪಾ, ಮಂಗಲಾ."

ಅಂದದ್ದು ನನ್ನ ಕಿವಿಗೇ ಚುಚ್ಚಿತು. ಅವಳಿಗಿಂತ ಮೊದಲು ಸಣ್ಣ ಬಾಗಿಲು ಮುಟ್ಟಬೇಕೆಂದು ಅಡುಗೆಮನೆಗೆ ಓಡಿದೆ. ಕದ ಬಡಿಯದಿರಲೆಂದು ಅದಕ್ಕೆ ಒತ್ತಿಟ್ಟಿದ್ದ ಗುಂಡುಕಲ್ಲಿಗೇ ಕಾಲಿನ ಹೆಬ್ಬೆರಳು ಬಡಿಯಿತು. ಬಾವು ಇನ್ನೂ ಇಳಿದಿಲ್ಲ. ಅರಿಶಿನ ಹಚ್ಚಲು ದಿನಾ ಮಂಗಲಾ ಬರುತ್ತಾಳೆ. ಕುಂಟುತ್ತ ಹೋಗಿ ದೊಡ್ಡ ಬಾಗಿಲು ತೆರೆದು ನಿಲ್ಲುತ್ತೇನೆ, ಅವಳು ಮಾತ್ರ ಹಿಂದಿನಿಂದಲೇ ಬಂದು ಕರೆಯುತ್ತಾಳೆ.