ಶಾಮನೂರಿನಲ್ಲಿ ಕೂತು ಗಡಿ ಕಾಯ್ದವರು

ದೇಶದ ಗಡಿಯನ್ನು ಸೈನಿಕರು ಕಾಯುತ್ತಾರೆಂದು ನೀವು ನಂಬಿದ್ದರೆ, ನನ್ನ ಸೋದರಮಾವನ ಪರಿಚಯ ನಿಮಗಿಲ್ಲ! ಶಾಮನೂರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ದಿನವೂ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಅದನ್ನು ಕಾಯುತ್ತಿದ್ದವರು ಅವರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದವನನ್ನು ದಾರಿಯಲ್ಲೇ ಇಳಿಸಬೇಕು, ದೇಶಕ್ಕೂ ಅದೇ ಕಾನೂನು ಎಂಬುದು ಅವರ ವಾದ. ಕದ್ದು ಒಳಬಂದವರನ್ನು ಹೊರಗೆ ಕಳಿಸದ ಸರ್ಕಾರ ಯಾವ ಪಕ್ಷದ್ದಾದರೂ ಅವರ ಬಾಯಿಂದ ತಪ್ಪಿಸಿಕೊಂಡದ್ದಿಲ್ಲ.

ಬರೀ ವಾದವಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಮನೆಗೆ ಟೈಲ್ಸ್ ಹಾಕಲು ಬಂದ ರಾಜಸ್ಥಾನದವನ ಆಧಾರ್ ಕಾರ್ಡನ್ನು ಬಿಸಿಲಿಗೆ ಹಿಡಿದು ನೋಡಿದರು. ಕುಲ್ಫಿ ಮಾರುವವನಿಗೆ ಅಜ್ಜನ ಊರು ಕೇಳಿದರು. ಅವನು ಹರಿಹರ ಎಂದ. ಅಜ್ಜಿಯದು? ಎಂದರು. ಅಷ್ಟರಲ್ಲಿ ನನ್ನ ಕುಲ್ಫಿ ಕರಗಿ ಮೊಣಕೈಗೆ ಇಳಿದಿತ್ತು! ನಿಮ್ಮ ಹುಟ್ಟಿದ ದಿನವನ್ನೇ ಲೋಕಿಕೆರೆಯ ಮೇಷ್ಟ್ರು ಅಂದಾಜಿಗೆ ಬರೆದದ್ದಲ್ಲವೇ ಎಂದು ಅತ್ತೆ ಕೆಣಕಿದರೆ, ಆ ಮೇಷ್ಟ್ರು ಸುಳ್ಳು ಬರೆಯುವವರಲ್ಲ ಎಂದು ಎದ್ದುಹೋದರು.

ಕಳೆದ ವರ್ಷ ಅವರ ಮನೆಯೆದುರು ಕಟ್ಟುತ್ತಿದ್ದ ಹೊಸ ಮನೆಗೆ ಬಂಗಾಳಿ ಮಾತಾಡುವ ಗಾರೆ ಕೆಲಸದವನೊಬ್ಬ ಬಂದ. ಹೆಂಡತಿ ಮತ್ತು ಮೂರು ವರ್ಷದ ಮಗಳೊಂದಿಗೆ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದ. ಮಾವ ಊರು ಕೇಳಿದರು. ಅವನು ಹೇಳಿದ ಊರು ಭೂಪಟದಲ್ಲಿ ಗಡಿಗೆರೆಗೆ ಅಂಟಿಕೊಂಡಂತೆ ಇತ್ತು. ಅಷ್ಟೇ ಸಾಕಾಯಿತು. ಮರುದಿನ ಠಾಣೆಗೆ ಹೋಗಿ ಅರ್ಜಿ ಬರೆದುಕೊಟ್ಟರು. ಪೊಲೀಸರು ಬಂದು, ಮಾವ ಎದುರಿಗೇ ನಿಂತು ತೋರಿಸಿದ ಅವನನ್ನು ವಿಚಾರಣೆಗೆ ಕರೆದೊಯ್ದರು. ಮಗು ಜೀಪಿನ ಹಿಂದೆ ಓಡಿತು.

ಸಂಜೆಯಾದರೂ ಶೆಡ್ಡಿನ ಒಲೆ ಹೊತ್ತಲಿಲ್ಲ. ಆ ಹೆಂಗಸಿಗೆ, ಗಂಡನನ್ನು ಎಲ್ಲಿಗೆ ಒಯ್ದರೆಂದು ಕೇಳುವಷ್ಟೂ ಕನ್ನಡ ಬಾರದು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತ ಕೂತಿದ್ದಳು. ಅತ್ತೆ ರೊಟ್ಟಿ ಪಲ್ಯ ಒಯ್ದು ಕೊಟ್ಟು ಬಂದರು, ಅದನ್ನೇ ಮಾವನಿಗೂ ಬಡಿಸಿದರು. ಮಾವ ಉಣ್ಣಲಿಲ್ಲ.

ಬೆಳಿಗ್ಗೆ ನನ್ನನ್ನು ಕರೆದುಕೊಂಡು ಠಾಣೆಗೆ ಹೋದರು.

“ಸಾಹೇಬ್ರೆ, ನಂದು ಬರೇ ಅನುಮಾನ ಐತ್ರಿ. ಅವನ್ನ ಬಿಟ್ಬಿಡ್ರಿ,” ಅಂದರು.

“ಬರಕೊಟ್ಟೋರು ನೀವಾ ಅಲ್ಲೇನ್ರಿ? ಈಗ ಅವನ ಜಿಲ್ಲೆಯಿಂದ ಉತ್ತರ ಬರ್ಬೇಕು,” ಎಂದರು ಇನ್‌ಸ್ಪೆಕ್ಟರ್.

ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ನಾಲ್ಕೂ ದಿನ ಮಾವ ಠಾಣೆಯ ಹೊರಗಿನ ಬೆಂಚಿನ ಮೇಲಿದ್ದರು. ಅವನು ಗಡಿಯ ಈ ಕಡೆಯವನೇ, ತಲೆಮಾರುಗಳಿಂದ ಇಲ್ಲಿಯವನೇ ಎಂದು ಖಾತ್ರಿಯಾಯಿತು. ಹೊರಬಂದವನಿಗೆ ಮಾವ ಕೈ ಮುಗಿದರು. ಅವನು ನೋಡದೆ ನಡೆದುಹೋದ. ಆ ವಾರವೇ ಶೆಡ್ಡು ಖಾಲಿಯಾಯಿತು.

ಅವನು ಹರಿಹರದಲ್ಲಿ ಕೆಲಸ ಹಿಡಿದಿದ್ದಾನೆಂದು ಮೇಸ್ತ್ರಿಯಿಂದ ತಿಳಿದು, ಒಂದು ಭಾನುವಾರ ಮಾವ ಮಂಡಕ್ಕಿ ಉಂಡೆಯ ಪೊಟ್ಟಣ ಹಿಡಿದು ನನ್ನ ಬೈಕು ಹತ್ತಿದರು. ಅಲ್ಲಿಯ ಶೆಡ್ಡಿನ ಮುಂದೆ ಇಟ್ಟಿಗೆಗಳ ಮೇಲೆ ಅವನು ನಮ್ಮನ್ನು ಕೂರಿಸಿದ. ಹೆಂಡತಿ ಚಹಾ ಕೊಟ್ಟಳು. ತಪ್ಪಾಯಿತು ಎಂದು ಮಾವ ಹೇಳಿದರು. ಅವನು ತಲೆ ತಗ್ಗಿಸಿ, ಹೋಗಲಿ ಬಿಡಿ ಎಂದ. ಆಗ ಮಗಳು ಒಳಗಿನಿಂದ ಬಂದಳು. ಮಾವನನ್ನು ಕಂಡದ್ದೇ ಚೀರಿ, ಅಪ್ಪನ ಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ತಾಯಿ ಎಷ್ಟು ರಮಿಸಿದರೂ ಬಿಡಲಿಲ್ಲ. ಮಾವ ಪೊಟ್ಟಣವನ್ನು ಇಟ್ಟಿಗೆಯ ಮೇಲಿಟ್ಟು ಎದ್ದರು.

ಗಡಿ ಬಿಗಿಯಾಗಿರಬೇಕೆಂಬ ಮಾತನ್ನು ಅವರು ಇಂದಿಗೂ ಬಿಟ್ಟಿಲ್ಲ, ಬಿಡುವವರೂ ಅಲ್ಲ. ಆದರೆ ಅಂದು ಹರಿಹರ ದಾಟಿದ ಮೇಲೆ ಬೈಕು ನಿಲ್ಲಿಸಲು ಹೇಳಿ, ರಸ್ತೆ ಬದಿಯಲ್ಲಿ ಇಳಿದರು.

“ಮುಂದಿನ ವಾರನೂ ಬರಾಣ,” ಅಂದರು. “ಮಾತಾಡ್ಸದು ಬ್ಯಾಡ. ದೂರದಾಗ ಕುಂತು ಹೋಗಾಣ. ಆ ಕೂಸಿನ ಹೆದರಿಕಿ ಹೋಗೋತನಕ ಬರಾಣ.”