ಘಾಟಿ ಹತ್ತಿ ಬಂದ ದೋಣಿ

ಬೀಗ ಹಾಕಿದ ಮೇಲೆ ಒಂದು ಸಲ ಎಳೆದು ನೋಡುವವರು ಜಾಣರು. ಎಳೆದು ನೋಡಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿಂದ ವಾಪಸ್ ಬಂದು ಮತ್ತೊಂದು ಸಲ ಎಳೆಯುವವರು ನನ್ನಂಥವರು. ಗ್ಯಾಸ್ ಆರಿಸಿದೆನೋ ಇಲ್ಲವೋ, ಹಾಲು ಫ್ರಿಜ್ಜಿಗೆ ಸೇರಿತೋ ಬೆಕ್ಕಿಗೆ ಸೇರಿತೋ ಎಂಬ ಚಿಂತೆಯಲ್ಲೇ ನಾನು ನೆಂಟರಿಷ್ಟರ ಮದುವೆಯ ಊಟಗಳನ್ನೆಲ್ಲ ಉಂಡಿದ್ದೇನೆ. ಇಂಥವಳನ್ನು ಕಾರಿನಲ್ಲಿ ಕೂರಿಸಿ, ನೆತ್ತಿಯ ಮೇಲೆ ಒಂದು ದೋಣಿ ಕಟ್ಟಿ, ಮಲ್ಪೆಯಿಂದ ನಂಜನಗೂಡಿನವರೆಗೆ ಕರೆತಂದವರು ಬೇರೆ ಯಾರೂ ಅಲ್ಲ, ನನ್ನ ಸ್ವಭಾವವನ್ನು ಚೆನ್ನಾಗಿ ಬಲ್ಲ ನಮ್ಮ ಯಜಮಾನರೇ.

ನಂಜನಗೂಡಿನಲ್ಲಿ ಅವರದು ಪಂಪ್‌ಸೆಟ್ ಅಂಗಡಿ. ಐವತ್ತು ದಾಟಿದ ಮೇಲೆ ಡಾಕ್ಟರು ವ್ಯಾಯಾಮ ಮಾಡಿ ಎಂದರು. ಎಲ್ಲರ ಗಂಡಂದಿರ ಹಾಗೆ ಇವರೂ ಬೆಳಗ್ಗೆ ಎದ್ದು ಮೈದಾನ ಸುತ್ತಬಹುದಿತ್ತು. ಆದರೆ ಮೊಬೈಲಿನಲ್ಲಿ ಯಾರೋ ಒಬ್ಬ ಕಯಾಕ್ ಎಂಬ ಸಪೂರ ದೋಣಿಯಲ್ಲಿ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಹಾಯಾಗಿ ಬೀಸುತ್ತಿದ್ದುದನ್ನು ಕಂಡರು. ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. "ಕಪಿಲೆ ದಡದಲ್ಲಿ ಹುಟ್ಟಿ ದೋಣಿ ಇಲ್ಲ ಅಂದ್ರೆ ನಾಚಿಕೆಗೇಡು ಕಣೇ" ಎಂದು ತುತ್ತು ತುತ್ತಿಗೂ ಹೇಳಿದರು. ಕೊನೆಗೆ ಮಲ್ಪೆಯಲ್ಲಿ ಒಬ್ಬರು ಹಳೆಯ ಕಯಾಕ್ ಕೊಡುತ್ತಾರೆಂದು ಪತ್ತೆ ಹಚ್ಚಿ, ನಮ್ಮ ಸಣ್ಣ ಕಾರಿನ ನೆತ್ತಿಗೆ ಕ್ಯಾರಿಯರ್ ಹಾಕಿಸಿ ಹೊರಟರು. ಸಮುದ್ರ ನೋಡಿಲ್ಲವೆಂದು ಅತ್ತೆಯೂ ಜೊತೆಗೆ ಬಂದರು.

ದೋಣಿ ಹೆಚ್ಚುಕಡಿಮೆ ಕಾರಿನಷ್ಟೇ ಉದ್ದವಿತ್ತು. ಬಣ್ಣ ಕಿತ್ತಳೆ. ಮಾರುವಾತ ಅದನ್ನು ಕೌಚಿ ಹಾಕಿ, ಮೇಲೆ ಎರಡು ಪಟ್ಟೆ ಬೆಲ್ಟ್ ಬಿಗಿದು, ಮೂತಿಯಿಂದ ಬಂಪರಿಗೆ ಒಂದು ಹಗ್ಗ ಎಳೆದು, ಹಿಂದಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿದ. ನಾನು ಒಂದೊಂದು ಗಂಟನ್ನೂ ಮುಟ್ಟಿ ನೋಡುತ್ತಿದ್ದೆ. "ಎಂತದೂ ಆಗುದಿಲ್ಲ ಮಾರಾಯ್ರೇ, ನೀವು ಸುಮ್ಮನೆ ಕೂತ್ಕೊಳ್ಳಿ" ಎಂದ. ಸುಮ್ಮನೆ ಕೂರುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಹೇಳಬಹುದಿತ್ತು ಆತ.

ಕಾರಿನ ಮುಂದಿನ ಸೀಟಿನಲ್ಲಿ ಕೂತವಳಿಗೆ ಗಾಜಿನ ಮೇಲ್ತುದಿಯಿಂದ ಇಣುಕುವ ಆ ಕಿತ್ತಳೆ ಮೂತಿ ಬಿಟ್ಟರೆ ಇನ್ನೇನೂ ಕಾಣಲಿಲ್ಲ. ಕರಾವಳಿಯ ತೆಂಗು, ಹೊಳೆ, ಸೇತುವೆ ಎಲ್ಲ ಪಕ್ಕದಲ್ಲಿ ಹಾದುಹೋದವಂತೆ; ಅತ್ತೆ ಹೇಳಿದ ಮೇಲೆ ಗೊತ್ತಾಯಿತು. ಮೂತಿ ನಡುಗಿದರೆ ನನ್ನ ಎದೆ ನಡುಗುತ್ತಿತ್ತು. ಸಾಲದ್ದಕ್ಕೆ ಕಾರು ಸ್ವಲ್ಪ ಜೋರಾದರೆ ಸಾಕು, ಮೇಲಿನಿಂದ ಗುಂಯ್ ಎಂದು ಸದ್ದು ಶುರು. ಸಾವಿರ ಹೆಜ್ಜೇನು ಒಟ್ಟಿಗೆ ಎದ್ದ ಹಾಗೆ.

"ರೀ, ಅದು ಅಲ್ಲಾಡ್ತಿದೆ ಕಣ್ರೀ."

"ಗಾಳಿಗೆ ಅಲ್ಲಾಡುತ್ತೆ ಕಣೇ. ದೋಣಿ ಅಂದ್ಮೇಲೆ ಅಲ್ಲಾಡ್ದೆ ಇರುತ್ತಾ?"

"ನೀರಲ್ಲಿ ಅಲ್ಲಾಡ್ಲಿ. ನನ್ನ ತಲೆ ಮೇಲ್ಯಾಕೆ ಅಲ್ಲಾಡ್ಬೇಕು?"

ಹಿಂದಿನ ಸೀಟಿನಿಂದ ಅತ್ತೆ ಬಾಯಿ ಹಾಕಿದರು. ಅವರ ತವರು ಹೊಳೆ ದಡದ ಹೆಮ್ಮಿಗೆ. "ನಮ್ ಅಪ್ಪ ಅರಿಗೋಲ್ನ ತಲೆ ಮ್ಯಾಲೆ ಕೌಚಾಕೊಂಡು ಒಬ್ರೇ ನಡ್ಕಂಡ್ ಓಗೋರು. ಈ ಪಾಟಿ ಗುಂಯ್ ಗುಂಯ್ ಅಂತಿರ್ನಿಲ್ಲ ಕಣವ್ವ." ತಾತನ ಹರಿಗೋಲಿಗೆ ಗಂಟೆಗೆ ಇಷ್ಟು ಮೈಲಿ ವೇಗ ಇರಲಿಲ್ಲ ಎಂದು ಮಗ ವಾದಿಸಿದರು. ವಾದ ಮಾಡುವಾಗ ಅವರು ಹಿಂದಕ್ಕೆ ತಿರುಗಿ ನೋಡುತ್ತಾರೆ. ನನಗೆ ಅದೊಂದು ಬೇರೆ ಚಿಂತೆ.

ಪುತ್ತೂರಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಜನ ಸುತ್ತುವರಿದರು. ಒಬ್ಬರು ಸ್ನಾನದ ತೊಟ್ಟಿಯಾ ಎಂದರು, ಇನ್ನೊಬ್ಬರು ದನಕ್ಕೆ ಕಲಗಚ್ಚು ಹಾಕುವ ಬಾನಿಯಾ ಎಂದರು. ನಮ್ಮವರು ಕೈ ಬೀಸಿ ಬೀಸಿ ಎಲ್ಲರಿಗೂ ವಿವರಿಸುತ್ತಿದ್ದರೆ ನಾನು ಕಾಫಿ ಆರಲು ಬಿಟ್ಟು ಹಗ್ಗ ಎಳೆದು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ಸುಳ್ಯ ದಾಟುವ ಹೊತ್ತಿಗೆ ನಾನು ಒಳಗೊಳಗೇ ನಂಜುಂಡೇಶ್ವರನಲ್ಲಿ ಬೇಡಿಕೊಳ್ಳುತ್ತಿದ್ದೆ: ತಂದೆ, ಇದು ಎಲ್ಲಾದರೂ ಬಿದ್ದುಹೋಗಲಿ. ಯಾರ ಮೇಲೂ ಬೀಳದ ಹಾಗೆ ಬೀಳಲಿ.

ಸಂಪಾಜೆ ಘಾಟಿಯಲ್ಲಿ ಆ ತಂದೆ ಕೇಳಿಸಿಕೊಂಡ, ಅದೂ ಅರ್ಧ. ಒಂದು ತಿರುವಿನಲ್ಲಿ ಎದುರಿನಿಂದ ಲಾರಿ ಬಂತು. ನಮ್ಮವರು ಬ್ರೇಕ್ ಹಾಕಿ ಮತ್ತೆ ಗೇರ್ ಬದಲಿಸಿ ಕಾರನ್ನು ಜಗ್ಗಿಸಿದರು. ಗಾಜಿನ ಮೇಲಿದ್ದ ಕಿತ್ತಳೆ ಮೂತಿ ನನ್ನ ಕಣ್ಣೆದುರೇ ಎಡಕ್ಕೆ ಹೊರಳಿ, ಮೆಲ್ಲಗೆ ಹಿಂದಕ್ಕೆ ಸರಿದು ಮಾಯವಾಯಿತು. ಕನ್ನಡಿಯಲ್ಲಿ ನೋಡಿದೆ. ನಮ್ಮ ಬೆನ್ನಿಗೇ ಒಂದು ಬೈಕು. ಗಂಡ, ಹೆಂಡತಿ, ಅವರ ನಡುವೆ ಟೋಪಿ ಹಾಕಿದ ಸಣ್ಣ ಮಗು.

"ನಿಲ್ಸ್ರೀ!" ನನ್ನ ಕೂಗಿಗೆ ನನಗೇ ಗಾಬರಿಯಾಯಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎರಡೂ ಕೈ ಬೀಸಿದೆ. ಬೈಕಿನವನು ಚರಂಡಿಯ ಕಡೆಗೆ ಎಳೆದು ನಿಂತ. ನಮ್ಮ ಕಾರೂ ನಿಂತಿತು. ದೋಣಿಯ ಬಾಲ ಅವರ ಮುಂದೆ ಗಾಳಿಯಲ್ಲಿ ತೂಗುತ್ತಿತ್ತು. ಮೂತಿಯ ಹಗ್ಗ ಕಡಿದು, ಮುಂದಿನ ಬೆಲ್ಟಿನ ಕೊಂಡಿ ಬಿಟ್ಟುಕೊಂಡು, ಹಿಂದಿನದೊಂದೇ ಅದನ್ನು ಹಿಡಿದುಕೊಂಡಿತ್ತು. ಆ ಹೆಂಗಸು ಮಗುವನ್ನು ಎದೆಗೆ ಒತ್ತಿಕೊಂಡು ನಮ್ಮನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಮ್ಮವರ ಮುಖ ಬಿಳಿಚಿಕೊಂಡಿತ್ತು. ಕಾರಿನಿಂದ ಇಳಿದು ಕೈ ಮುಗಿದರು.

ಬೈಕು ಮುಂದೆ ಹೋದ ಮೇಲೆ ಅವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. "ಇಲ್ಲೇ ಬಿಟ್ಟು ಹೋಗೋಣ ಕಣೇ. ಯಾರಾದ್ರೂ ತಗೊಂಡು ಹೋಗ್ಲಿ."

ಬೆಳಗಿನಿಂದ ನಾನು ಕಾಯುತ್ತಿದ್ದ ಮಾತು ಅದು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಅಷ್ಟು ಸಣ್ಣದಾಗಿ ಕೂತಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. "ಎದ್ದೇಳ್ರೀ, ಆ ಕಡೆ ಹಿಡ್ಕೊಳ್ಳಿ" ಎಂದೆ. ಸೆರಗು ಸಿಕ್ಕಿಸಿ, ಕಾರಿನ ಬಾಗಿಲಿನ ಅಂಚಿಗೆ ಕಾಲಿಟ್ಟು ಹತ್ತಿದೆ. ಇಬ್ಬರೂ ಸೇರಿ ದೋಣಿಯನ್ನು ಮುಂದಕ್ಕೆ ತಳ್ಳಿದೆವು. ಅತ್ತೆ ಚೀಲದಿಂದ ತಮ್ಮ ನೂಲಿನ ಸೀರೆ ತೆಗೆದುಕೊಟ್ಟು, "ತಕೊ, ಅಗ್ಗುಕ್ಕಿಂತ ಗಟ್ಟಿ, ಇದ್ರಲ್ಲಿ ಬಿಗಿ" ಎಂದರು. ಸಿಟ್ಟು, ಭಯ, ಅಳು ಮೂರನ್ನೂ ಸೇರಿಸಿ ಬಿಗಿದೆ. ಅವಸರದಲ್ಲಿ ಬೆಲ್ಟುಗಳು ಒಂದೊಂದು ಸುತ್ತು ತಿರುಚಿಕೊಂಡವು. ಬಿಡಿಸುವ ತಾಳ್ಮೆ ಇರಲಿಲ್ಲ. ಕಾರು ಹೊರಟ ಮೇಲೆ ಗುಂಯ್ ಸದ್ದು ನಿಂತೇಹೋಗಿತ್ತು. ಚಪ್ಪಟೆ ಬೆಲ್ಟು ಗಾಳಿಗೆ ಹಾಡುತ್ತದೆ, ತಿರುಚಿದರೆ ಸುಮ್ಮನಾಗುತ್ತದೆ. ಈ ವಿದ್ಯೆ ನನಗೆ ಒಲಿದದ್ದು ಹೀಗೆ, ಕೋಪದಿಂದ.

ನಂಜನಗೂಡಿನ ಸ್ನಾನಘಟ್ಟದಲ್ಲಿ ಸದಾ ಜನ. ಹಾಗಾಗಿ ಭಾನುವಾರಗಳಲ್ಲಿ ದೋಣಿಯನ್ನು ಮತ್ತೆ ಕಾರಿನ ಮೇಲೇರಿಸಿ ತಿ. ನರಸೀಪುರ ದಾಟಿ ಸೋಸಲೆ ಕಡೆಯ ಹೊಳೆಗೆ ಹೋಗತೊಡಗಿದೆವು. ಕಟ್ಟುವವಳು ನಾನು. ನಮ್ಮವರು ಕಟ್ಟಿದ್ದನ್ನು ಬಿಚ್ಚಿ ಕಟ್ಟುವವಳೂ ನಾನೇ. ಅವರು ನೀರಿನಲ್ಲಿ ಎರಡು ಸುತ್ತು ಹಾಕುವಷ್ಟು ಹೊತ್ತು ಮಾತ್ರ ನನ್ನ ಮನಸ್ಸಿಗೆ ನೆಮ್ಮದಿ. ನೀರಿನ ಮೇಲಿದ್ದಾಗ ದೋಣಿ ಬೀಳುವುದಿಲ್ಲವಲ್ಲ!

ಮಳೆಗಾಲ ಬಂದು ಹೊಳೆ ತುಂಬಿತು. ಅಷ್ಟರಲ್ಲಿ ನಮ್ಮವರ ಭುಜ ಹಿಡಿದುಕೊಂಡಿತು, ಉತ್ಸಾಹವೂ ಇಳಿಯಿತು. ಕಳಲೆಯ ಒಬ್ಬ ಯುವಕನಿಗೆ ದೋಣಿಯನ್ನು ಮಾರುವ ಮಾತಾಯಿತು. ಕಾರವಾರದಲ್ಲಿರುವ ತನ್ನ ಭಾವನಿಗಂತೆ. ನನಗೆ ಹಬ್ಬ. ಬೆಳಗ್ಗೆಯೇ ಪಾಯಸಕ್ಕೆ ಇಟ್ಟೆ. ಆತ ಕಾರು ತಂದು, ದೋಣಿ ಮೇಲೇರಿಸಿ, ಗೊಬ್ಬರದ ಚೀಲ ಹೊಲಿಯುವಂಥ ಪ್ಲಾಸ್ಟಿಕ್ ದಾರವನ್ನು ಎರಡು ಸುತ್ತು ಸುತ್ತಿ, ಕೈ ಒದರಿಕೊಂಡ.

ನಾನು ಸೌಟು ಹಿಡಿದುಕೊಂಡೇ ಗೇಟಿಗೆ ಬಂದೆ. "ಇಷ್ಟೇನಾ ಕಟ್ಟೋದು? ಕಾರವಾರದವರೆಗೆ?"

"ಅಯ್ ಬುಡಿ ಅಕ್ಕ, ಏನೂ ಆಗಕಿಲ್ಲ."

"ಮೂತಿಗೆ ಹಗ್ಗ ಎಲ್ಲಿ? ಹಿಂದಕ್ಕೆ ಕೆಂಪು ಬಟ್ಟೆ?"

"ದಾರೀಲಿ ಕಟ್ಕೋತೀನಿ ಬುಡಿ."

ಅವನು ಸ್ಟಾರ್ಟ್ ಮಾಡಿದ. ಮೂತಿ ನಡುಗಿತು. ಆಮೇಲೆ ನಡೆದದ್ದನ್ನು ನಮ್ಮ ಬೀದಿಯವರು ಇವತ್ತಿಗೂ ವರ್ಣಿಸುತ್ತಾರೆ: ನಾನು ಸೌಟು ಎತ್ತಿಕೊಂಡು ಕಾರಿಗೆ ಅಡ್ಡ ನಿಂತೆನಂತೆ, "ಇಳ್ಸು ಕೆಳಗೆ" ಎಂದೆನಂತೆ. ಆ ಹುಡುಗ ಸಿಟ್ಟಾಗದೆ, "ಅಂಗಾರೆ ನೀವೇ ಚೆಂದಾಗಿ ಕಟ್ಕೊಡಿ ಅಕ್ಕ, ತಕ್ಕೊಂಡೋಯ್ತೀನಿ" ಎಂದ. ನ್ಯಾಯವಾದ ಮಾತೇ. ಆದರೆ ನನ್ನ ಬಾಯಿಂದ ಬಂದದ್ದು, "ಕಟ್ಟಿಕೊಟ್ರೆ ಆಯ್ತಾ? ದಾರಿಯುದ್ದಕ್ಕೂ ಅದನ್ನ ನೋಡ್ಕೊಳ್ಳೋರು ಯಾರು?"

ದೋಣಿ ಈಗ ನಮ್ಮ ಪಡಸಾಲೆಯಲ್ಲಿದೆ. ಅಡುಗೆಮನೆಗೆ ಹೋಗಬೇಕಾದರೆ ಎಲ್ಲರೂ ಅಡ್ಡಡ್ಡ ನಡೆಯಬೇಕು. ಬಂದವರೆದುರು ನಮ್ಮವರು ನೋಯುವ ಭುಜ ಒತ್ತಿಕೊಳ್ಳುತ್ತಾ, "ನಾನು ಮಾರೇಬಿಟ್ಟಿದ್ದೆ. ಏನು ಮಾಡೋದು, ಇವಳಿಗೆ ದೋಣಿ ಅಂದ್ರೆ ಪ್ರಾಣ" ಎನ್ನುತ್ತಾರೆ. ನಾನು ಅಲ್ಲ ಎನ್ನಲು ಬಾಯಿ ತೆರೆಯುತ್ತೇನೆ. ಪಾಯಸದ ಕಥೆ ಗೊತ್ತಿರುವ ಅತ್ತೆ ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಬಂದವರಿಗೆ ಕಾಫಿ ತರುತ್ತೇನೆಂದು ಹೇಳಿ ಅಡ್ಡಡ್ಡ ನಡೆದು ಒಳಗೆ ಹೋಗುತ್ತೇನೆ.