ಅರವತ್ತು ಚಾಪೆಗಳ ಸಿರಿವಂತರಿಂದ ವಿದ್ಯಾನೆರವಿನ ಅರ್ಜಿ ನಮೂನೆಗೆ

ಶಾಂತಸಾಗರ ವಿದ್ಯಾನೆರವು ನಿಧಿಯ ಆನ್‌ಲೈನ್ ಅರ್ಜಿ ನಮೂನೆಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಹದಿನಾಲ್ಕು ಪುಟಗಳಿಗೂ, ಪ್ರತಿ ಪುಟದ ಕೆಂಪು ನಕ್ಷತ್ರಗಳಿಗೂ, ಎಷ್ಟು ಒತ್ತಿದರೂ ಅಲುಗದ ತಮ್ಮ ‘ಸಲ್ಲಿಸಿ’ ಗುಂಡಿಗೂ ಉಪೋಲು ದ್ವೀಪದ ದಕ್ಷಿಣ ಕರಾವಳಿಯಿಂದ ಅನಂತ ವಂದನೆಗಳು. ನಾನು ನಮ್ಮೂರಿನ ಮಾತುಗಾರ ಮುಖಂಡ. ಸಭೆಯಿರಲಿ, ಮದುವೆಯಿರಲಿ, ಸಾವಿರಲಿ, ಊರಿನ ಪರವಾಗಿ ಕೋಲು ಹಿಡಿದು ನಿಂತು ಮಾತಾಡುವುದು ನನ್ನ ಕೆಲಸ. ಬಂದವರ ವಂಶವನ್ನು ಹೊಗಳುವುದಕ್ಕೇ ನನಗೆ ಮುಕ್ಕಾಲು ಗಂಟೆ ಬೇಕು. ತಾವಾದರೋ ‘ನಿಮ್ಮ ಕುಟುಂಬದ ಬಗ್ಗೆ ನೂರೈವತ್ತು ಪದಗಳಲ್ಲಿ ಬರೆಯಿರಿ’ ಎಂದು ಕೇಳಿ, ನಾನಿನ್ನೂ ಮುತ್ತಜ್ಜನನ್ನು ದಾಟುವ ಮೊದಲೇ ‘ಸಮಯ ಮೀರಿದೆ’ ಎಂದು ಬಾಗಿಲು ಹಾಕಿಕೊಂಡಿರಿ. ಇಷ್ಟು ಚೆನ್ನಾಗಿ ನನ್ನ ಬಾಯಿ ಮುಚ್ಚಿಸಿದವರು ಈವರೆಗೆ ನನ್ನ ಹೆಂಡತಿ ಲನುವೋಲಾ ಒಬ್ಬಳೇ.

ಅರ್ಜಿ ನನ್ನ ಮೊಮ್ಮಗಳು ಮಸೀನಾಳದ್ದು. ಕಡಲಾಚೆಯ ಸೂವಾದ ಕಾಲೇಜಿನಲ್ಲಿ ಅವಳಿಗೆ ದಂತವೈದ್ಯಕೀಯಕ್ಕೆ ಸೀಟು ಸಿಕ್ಕಿದೆ. ಬರುವ ಶುಕ್ರವಾರದೊಳಗೆ ಶುಲ್ಕ ಕಟ್ಟದಿದ್ದರೆ ಅದು ಇನ್ನೊಬ್ಬರ ಪಾಲು. ಸದ್ಯಕ್ಕೆ ನಮ್ಮೂರಿನಲ್ಲಿ ಹಲ್ಲು ಕೀಳುವವನು ನನ್ನ ತಮ್ಮ, ಅದೂ ದೋಣಿ ರಿಪೇರಿ ಮಾಡುವ ಇಕ್ಕಳದಿಂದ. ಹೀಗಾಗಿ ಚರ್ಚಿನ ಸೂಚನಾ ಫಲಕದಲ್ಲಿ ‘ಬಡ ಪ್ರತಿಭೆಗಳಿಗೆ ನೆರವು’ ಎಂಬ ತಮ್ಮ ಪ್ರಕಟಣೆ ಕಂಡ ದಿನ ಪಾದ್ರಿಗಳು ಖುಷಿಗೆ ಗಂಟೆಯನ್ನೇ ಬಾರಿಸಿಬಿಟ್ಟರು.

‘ಮನೆಯಲ್ಲಿರುವ ಬೆಲೆಬಾಳುವ ವಸ್ತುಗಳು’ ಎಂಬ ತಮ್ಮ ಒಂಬತ್ತನೆಯ ಪುಟದ ಪ್ರಶ್ನೆಗೆ ಮಸೀನಾ ‘ಇಲ್ಲ’ ಎಂದು ಬರೆದಿದ್ದಳು. ಹಿಂದೆ ನಿಂತಿದ್ದ ಲನುವೋಲಾಗೆ ಮೈಯೆಲ್ಲ ಉರಿದುಹೋಯಿತು. “ಏನೇ, ನಮ್ಮನೇಲಿ ಏನೂ ಇಲ್ವಾ? ನನ್ನ ಹಾಸಿಗೆ ಕೆಳಗೆ ಅರವತ್ತು ಇಯೆತೋಗಾ ಚಾಪೆ ಇಲ್ವೇನೇ? ಯಾರಾದ್ರೂ ಓದಿದ್ರೆ ಮಾನ ಉಳಿಯತ್ತಾ? ಬರಿ!” ತಿಂಗಳುಗಟ್ಟಲೆ ಕೂತು ಹೆಣೆದ ಈ ಚಾಪೆಗಳ ಮೇಲೆ ನಾವು ಯಾರೂ ಕೂರುವುದಿಲ್ಲ, ಅವನ್ನು ಮಾರುವುದೂ ಇಲ್ಲ, ಒಂದು ಸಾವಿಗೆ ಇಪ್ಪತ್ತು ಕಾಣಿಕೆಯಾಗಿ ಹೋಗುತ್ತವೆ, ಒಂದು ಮದುವೆಗೆ ಹದಿನೈದು ಬರುತ್ತವೆ. ಬೆಲೆ ಎಷ್ಟು ಎಂದು ತಾವು ಕೇಳಿದಾಗ ಅವಳು, “ಇದಕ್ಕೆ ಬೆಲೆ ಕಟ್ಟೋ ಗಂಡು ಇನ್ನೂ ಹುಟ್ಟಿಲ್ಲ ಅಂತ ಬರಿ” ಎಂದಳು. ತಾವು ಅಕ್ಷರಗಳನ್ನು ಒಪ್ಪದೆ, ಯಾವುದೋ ವಸ್ತುಸಂಗ್ರಹಾಲಯದ ದರವನ್ನು ತಾವೇ ತುಂಬಿಕೊಂಡು, ಕ್ಷಣಾರ್ಧದಲ್ಲಿ ನಮ್ಮನ್ನು ಕೋಟ್ಯಧಿಪತಿಗಳನ್ನಾಗಿ ಮಾಡಿದಿರಿ. ಸೋರುವ ತಗಡಿನ ಸೂರಿನಡಿ ನಿಂತು ಆ ಸುದ್ದಿ ಓದಿ ನಾವೆಲ್ಲ ಬಹಳ ಹೆಮ್ಮೆಪಟ್ಟೆವು. ಮಂಜೂರಾದ ನೆರವು ಸೊನ್ನೆ, ಅದರ ಕೆಳಗೆ ‘ತಮ್ಮಂಥ ಸಿರಿವಂತ ಕುಟುಂಬಗಳು ನಮ್ಮ ನಿಧಿಗೆ ದಾನ ನೀಡಬೇಕಾಗಿ ವಿನಂತಿ’ ಎಂಬ ಒಕ್ಕಣೆ.

ಮಸೀನಾ ಅಳಲಿಲ್ಲ. “ಬಿಡಿ ತಾತ, ನ್ಯೂಜಿಲೆಂಡಿಗೆ ಸೇಬು ಕೀಳೋಕೆ ಹೆಸರು ಕೊಟ್ಟು ಬರ್ತೀನಿ” ಎಂದಳು. ಮೂವತ್ತು ವರ್ಷದಿಂದ ಮಾತನ್ನೇ ನಂಬಿ ಬದುಕಿದ ನಾನು ಕೋಲು ಹಿಡಿದು ಹೊರಟು ಆ ಸಂಜೆಯೇ ಊರಿನ ಸಭೆ ಕರೆದೆ.

ಕೇಳಿದವರಿಗೆ ಇಲ್ಲ ಎನ್ನುವ ಜನ ನಾವಲ್ಲ, ಮಾನ್ಯರೇ. ತಮ್ಮ ದಾನದ ಕೋರಿಕೆಯನ್ನು ಊರಿನ ಸಭೆ ಒಪ್ಪಿದೆ. ಗುರುವಾರ ಬೆಳಿಗ್ಗೆ ನಾವು ಎಂಬತ್ತು ಜನ, ಅರವತ್ತು ಚಾಪೆ ಮತ್ತು ಹನ್ನೆರಡು ಹಂದಿಗಳೊಡನೆ ರಾಜಧಾನಿ ಆಪಿಯಾದಲ್ಲಿರುವ ತಮ್ಮ ಕಚೇರಿಗೆ ಬಂದು, ಒಂದೊಂದೇ ಚಾಪೆಯನ್ನು ಬಿಡಿಸಿ, ರಸ್ತೆಯವರೆಲ್ಲ ನೋಡುವಂತೆ ಎತ್ತಿ ಹಿಡಿದು ತಮಗೆ ಅರ್ಪಿಸಲಿದ್ದೇವೆ; ದಯವಿಟ್ಟು ತಾವು ಪರದೆಯಿಂದ ಹೊರಬಂದು ಎರಡೂ ಕೈಗಳಿಂದ ಸ್ವೀಕರಿಸಬೇಕು. ಸ್ವೀಕರಿಸಿದವರು ಅಷ್ಟೇ ತೂಕದ್ದನ್ನು ಎಲ್ಲರೆದುರು ಮರಳಿ ಕೊಡುವುದು ನಮ್ಮಲ್ಲಿಯ ಪದ್ಧತಿ. ತೂಕ ಎಷ್ಟೆಂಬುದನ್ನು ತಾವೇ ಒಂಬತ್ತನೆಯ ಪುಟದಲ್ಲಿ ಬರೆದಿದ್ದೀರಿ, ಅದರಲ್ಲಿ ನಾವು ಒಂದು ತಾಲಾ ದುಡ್ಡು ಕೂಡ ಚೌಕಾಸಿ ಮಾಡುವುದಿಲ್ಲ. ಮಸೀನಾಳ ಶುಲ್ಕ ಕಟ್ಟಿ ಉಳಿದದ್ದರಲ್ಲಿ ಊರಿಗೊಂದು ಆಸ್ಪತ್ರೆ ಕಟ್ಟಿಸಿ ಅದಕ್ಕೆ ತಮ್ಮ ಹೆಸರನ್ನೇ ಇಡುತ್ತೇವೆ.

ತಾವು ಹೇರಿದ ಸಿರಿತನದ ಭಾರದಲ್ಲಿ ಬಾಗಿರುವ,
ತಮ್ಮ ವಿಶ್ವಾಸಿ,
ಮೂಲಿಫೂಸಿ ತಾವಿತಾ

ತಾ.ಕ.: ಈ ಪತ್ರವನ್ನು ನಿನ್ನೆ ಫೋನಿನಲ್ಲಿ ತಮ್ಮ ಕಚೇರಿಯ ಗುಮಾಸ್ತೆಗೆ ಓದಿ ಹೇಳಿದೆ. ಅವಳೂ ನಮ್ಮ ದ್ವೀಪದವಳೇ. “ಅಯ್ಯೋ ತಾತ, ದಮ್ಮಯ್ಯ, ಚಾಪೆ ಮಾತ್ರ ತರಬೇಡಿ! ಅರ್ಜೀನ ನಾನೇ ಮೇಲಿನವರ ಹತ್ರ ತಗೊಂಡೋಗ್ತೀನಿ” ಎಂದಳು. ಇಂದು ಮಧ್ಯಾಹ್ನದಿಂದ ಮಸೀನಾಳ ಹೆಸರಿನ ಮುಂದೆ ತಾವು ‘ಮರುಪರಿಶೀಲನೆಯಲ್ಲಿದೆ’ ಎಂದು ತೋರಿಸುತ್ತಿದ್ದೀರಿ. ಸಂತೋಷ. ಬಾಡಿಗೆಗೆ ಹೇಳಿರುವ ಎರಡು ಬಸ್ಸುಗಳನ್ನು ಮಾತ್ರ ನಾವಿನ್ನೂ ಬೇಡವೆಂದಿಲ್ಲ.